ಹಾನುಸಜ್ಜನ ಆರಿದ ಕಾಫಿ

ನಾನು ಫೋನ್ ಕಚೇರಿಯ ಅಡುಗೆಕೋಣೆಯಲ್ಲಿ ಮಧ್ಯಾಹ್ನದ ಕಪ್ಪುಗಳನ್ನು ತೊಳೆಯುತ್ತಿದ್ದೆ. ಮರ್ಯುನ್ ಪಕ್ಕದಲ್ಲಿ ನಿಂತು ಒಂದೊಂದನ್ನೇ ಒರೆಸಿ ಕಪಾಟಿನಲ್ಲಿಡುತ್ತಿದ್ದಳು.

ಕಿಟಕಿಯಾಚೆ ನಮ್ಮ ದ್ವೀಪದೂರು ವಾಗುರ್‌ನ ಬಂದರು ಮಂಜಿನಲ್ಲಿ ಮುಳುಗಿತ್ತು. ದೋಣಿಗಳ ಕಂಬದ ತುದಿಗಳಷ್ಟೇ ಕಾಣುತ್ತಿದ್ದವು. ಸರ್ವರ್ ನೋಡಿಕೊಳ್ಳುವ ಸಾಮಲ್‌ನ ಕಪ್ಪಿನ ತಳದಲ್ಲಿ ಎಂದಿನಂತೆ ಕರಗದ ಸಕ್ಕರೆ. ಮರ್ಯುನ್‌ಳದು ನೆಕ್ಕಿಟ್ಟಷ್ಟು ಖಾಲಿ. ಕೊನೆಗೆ ಉಳಿದದ್ದು ಮೇಲಿನ ಕೋಣೆಯಲ್ಲಿ ಕೆಲಸ ಮಾಡುವ ಹಾನುಸಜ್ಜನ ನೀಲಿ ಕಪ್ಪು. ಎತ್ತಿದರೆ ಕೈಗೆ ಭಾರ ಬಂತು.

ತುಂಬಿತ್ತು. ಹಾಲಿನ ಕೆನೆ ಮೇಲೆ ಸುಕ್ಕುಗಟ್ಟಿ ನಿಂತಿತ್ತು.

ಸಿಂಕಿಗೆ ಸುರಿಯಹೋದೆ. ಮರ್ಯುನ್ ನನ್ನ ಮಣಿಕಟ್ಟು ಹಿಡಿದಳು.

"ಯಾರದು?"

"ಹಾನುಸಜ್ಜಂದು."

"ನಿನ್ನೆ?"

"ನಿನ್ನೇನೂ ಹೀಗೇ ವಾಪಸ್ ಬಂತು. ದಿನಾ ಹೀಗೇ." ಸ್ವಲ್ಪ ಯೋಚಿಸಿ ಹೇಳಿದೆ, "ಬಿರುಗಾಳಿ ಬಂದ ದಿನ ಮಾತ್ರ ಕುಡಿದ್ರು. ಇನ್ನೊಂದು ಸಲ ಹಾಕಿಸ್ಕೊಂಡ್ರು ಕೂಡ."

"ಬಿರುಗಾಳಿ ದಿನ ಹಡಗುಗಳ ಫೋನ್ ಲೈನೇ ಇರಲಿಲ್ಲ."

"ಇರಲಿಲ್ಲ."

ಮರ್ಯುನ್ ಒರೆಸುವ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು, ಆ ಕಪ್ಪನ್ನು ದೀಪದ ಕೆಳಗೆ ಹಿಡಿದು ನೋಡಿದಳು. ಅದರಲ್ಲಿ ಏನೋ ಬರೆದಿದೆ ಎಂಬಂತೆ.

ಅವಳು ರಾಜಧಾನಿ ತೋರ್ಷಾವ್ನ್‌ನಿಂದ ಬಂದವಳು. ಯಂತ್ರಗಳ ಕಾಯಿಲೆ ಹುಡುಕುವುದು ಅವಳ ಕೆಲಸ. ನಮ್ಮ ಕಾಯಿಲೆ ಇದು: ದೂರದ ಬಾರೆಂಟ್ಸ್ ಸಮುದ್ರದಲ್ಲಿರುವ ಮೀನುಹಡಗುಗಳ ಮಾತು ಮಾಳಿಗೆಯ ಮೇಲಿನ ಡಿಶ್‌ಗೆ ಇಳಿದು, ಕೆಳಗಿನ ಸರ್ವರ್‌ನ ಒಂದು ನೆಟ್‌ವರ್ಕ್ ಕಾರ್ಡಿಗೆ ಬಂದು, ಇನ್ನೊಂದು ಕಾರ್ಡಿನಿಂದ ಊರಿನ ಮನೆಗಳಿಗೆ ಹೋಗಬೇಕು. ಒಂದು ತಿಂಗಳಿಂದ ಆ ಮಾತು ಹರಿದ ಬಟ್ಟೆಯಂತೆ ಬರುತ್ತಿತ್ತು. ಅದೂ ಮಧ್ಯಾಹ್ನದ ಹೊತ್ತು, ಹಡಗಿನವರು ಪಾಳಿ ಮುಗಿಸಿ ಮನೆಗೆ ಫೋನ್ ಮಾಡುವ ಹೊತ್ತಿನಲ್ಲೇ.

ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶದ ಹೊಸ ಆವೃತ್ತಿಯನ್ನು ಸಾಮಲ್ ಹಾಕಿದ್ದೂ ಅದೇ ವಾರ. ಹಾಗಾಗಿ ಊರೆಲ್ಲ ಅವನನ್ನೇ ಬೈಯುತ್ತಿತ್ತು. ಮರ್ಯುನ್ ಬಂದವಳೇ ಹಳೆಯ ಡ್ರೈವರ್ ವಾಪಸ್ ಹಾಕಿದಳು. ಗುಣವಾಗಲಿಲ್ಲ. ಕೇಬಲ್ ಬದಲಿಸಿದಳು. ವಿದ್ಯುತ್ ಉಳಿಸಲು ಕಾರ್ಡು ಆಗಾಗ ತೂಕಡಿಸುವ ವ್ಯವಸ್ಥೆ ಇರುತ್ತದಂತೆ, ಅದನ್ನು ನಿಲ್ಲಿಸಿದಳು. ಬಂದ ಮಾತಿನ ತುಣುಕುಗಳನ್ನು ಗುಡ್ಡೆ ಹಾಕಿಕೊಂಡು ಒಮ್ಮೆಗೇ ಪ್ರೊಸೆಸರನ್ನು ಕರೆಯುವ ಅಭ್ಯಾಸವನ್ನೂ ಬಿಡಿಸಿದಳು. ಯಾವುದಕ್ಕೂ ಜಗ್ಗಲಿಲ್ಲ.

"ಈ ಪ್ರೊಸೆಸರ್ ಎಂಟು ಬಾಗಿಲಿನ ಮನೆ," ಎಂದು ಮೊನ್ನೆ ಪರದೆ ತೋರಿಸಿ ನನಗೆ ಹೇಳಿದ್ದಳು. "ಬಂದೋರನ್ನ ಎಂಟೂ ಬಾಗಿಲಿಗೆ ಹಂಚಬೇಕು. ಆದ್ರೆ ಮಧ್ಯಾಹ್ನ ಆದ ತಕ್ಷಣ ಎಲ್ಲರೂ ಒಂದೇ ಬಾಗಿಲಲ್ಲಿ ನುಗ್ತಾರೆ. ಮಿಕ್ಕ ಏಳು ಬಾಗಿಲ ಹತ್ರ ನಾಯಿ ಮಲಗಿದೆ. ಯಾಕೆ?"

ನನಗೆ ಗೊತ್ತಿರಲಿಲ್ಲ. ನಾನು ದೂರಿನ ಫೋನ್ ಎತ್ತುವವಳು. ಶಾಲೆ ಬಿಟ್ಟ ಮೇಲೆ ಮೀನು ಕಾರ್ಖಾನೆ, ಅದಾದ ಮೇಲೆ ಈ ಮೇಜು. ಕೇಳಿಸಿಕೊಳ್ಳುವುದು ನನಗೆ ಬರುತ್ತದೆ. ಹೇಳುವುದು ಕಷ್ಟ.

ಹೇಳಲು ಬಾರದವಳು ಒಂದೇ ಒಂದು ಸಲ ಹೇಳಿದ್ದೆ. ಅದೂ ಈ ಹರಕು ಲೈನಿನಲ್ಲೇ.

ನನ್ನ ಗೆಳೆಯ ರೆಗಿನ್ 'ಲೋಮ್ವಿಗಿ' ಎಂಬ ಮೀನುಹಡಗಿನಲ್ಲಿದ್ದಾನೆ. ಟ್ರೋಮ್ಸೋ ಬಂದರಿನಲ್ಲಿ ಹಡಗು ನಿಂತಾಗ ಇಳಿಯುವವರು ಇಳಿಯುತ್ತಾರೆ, ಉಳಿಯುವವರು ಮುಂದಿನ ಪ್ರವಾಸಕ್ಕೆ ಹೆಸರು ಕೊಡುತ್ತಾರೆ. "ನೀನು ಬಾ ಅಂದ್ರೆ ಇಳಿದು ಬರ್ತೀನಿ, ಬಿರಿತಾ," ಎಂದು ಆ ಫೋನಿನಲ್ಲಿ ಕಡಿದು ಕಡಿದು ಹೇಳಿದ್ದ. "ಸುಮ್ನಿದ್ರೆ ಅದೂ ಅರ್ಥ ಆಗುತ್ತೆ." ಚಿಕ್ಕಂದಿನಲ್ಲಿ ದೋಣಿಮನೆಯ ಬಾಗಿಲು ಬಡಿದು ಅವನ ಮೂಗು ಮುರಿದಿತ್ತು. ಮಾತಿನ ನಡುವೆ ಉಸಿರೆಳೆದಾಗ ಸಣ್ಣಗೆ ಸೀಟಿ ಹೊಡೆದಂತಾಗುತ್ತದೆ. ಆ ಸೀಟಿ ಕೇಳುತ್ತಾ ತುಂಬ ಹೊತ್ತು ನಿಂತಿದ್ದೆ. ಆಮೇಲೆ ಕಣ್ಣು ಮುಚ್ಚಿಕೊಂಡು, "ಬಾ. ನೀನಿಲ್ದೆ ಆಗ್ತಿಲ್ಲ, ಮನೆಗೆ ಬಾ," ಎಂದಿದ್ದೆ.

ಆ ಕಡೆಯಿಂದ ಬಂದದ್ದು ಚೂರು ಚೂರು ಸದ್ದು. ಆಮೇಲೆ ಲೈನ್ ಕಡಿದುಹೋಯಿತು. ಅಂದಿನಿಂದ ರೆಗಿನ್ ಫೋನ್ ಮಾಡಿಲ್ಲ. ನಾನೇ ಮಾಡಿದರೂ ಕೇಳಿಸುವುದು ಅದೇ ಹರಕು ಸದ್ದು.

ಬರೆದು ಕಳಿಸಬಹುದಿತ್ತು. ಆದರೆ ಅದು ಹಡಗಿನ ಕಚೇರಿಗೆ ಹೋಗುತ್ತದೆ, ಕ್ಯಾಪ್ಟನ್ ಊಟದ ಮನೆಯಲ್ಲಿ ಎಲ್ಲರೆದುರು ಓದಿ ಕೊಡುತ್ತಾನೆ. ನನ್ನ ಆ ಮಾತು ಕ್ಯಾಪ್ಟನ್ನನ ಬಾಯಿಯಿಂದ ಬರುವುದಕ್ಕಿಂತ ಸಮುದ್ರಕ್ಕೆ ಬಿದ್ದರೇ ಮೇಲು ಅನ್ನಿಸಿತ್ತು.

ನಾಳೆ ಬೆಳಿಗ್ಗೆ ಹಡಗು ಟ್ರೋಮ್ಸೋಗೆ ಬರುತ್ತದೆ.

ನನ್ನ ಮೇಜಿನ ಫೋನ್ ಬಡಿದುಕೊಂಡಿತು. ಕೈ ಒರೆಸಿಕೊಂಡು ಓಡಿದೆ. ಲೋಮ್ವಿಗಿಯ ಅಡುಗೆಯವನ ಹೆಂಡತಿ ಎಲ್ಸ್ಪಾ.

"ಬಿರಿತಾ, ನೀನು ಬಾಯಿ ಬಿಡೋಳಲ್ಲ ಅಂತ ಊರಿಗೇ ಗೊತ್ತು. ಆದ್ರೂ ಕೇಳ್ತೀನಿ. ನನ್ನ ಗಂಡನ ಕೈ ಸುಟ್ಟಿದ್ದು ಯಾರಿಗಾದ್ರೂ ಹೇಳಿದ್ಯಾ?"

"ನನಗೇ ಗೊತ್ತಿಲ್ವಲ್ಲ."

"ಯಾರಿಗೂ ಗೊತ್ತಿಲ್ಲ! ಅವರಮ್ಮ ಎದೆ ಒಡ್ಕೋತಾಳೆ, ಯಾರಿಗೂ ಹೇಳ್ಬೇಡ ಅಂತ ನನ್ನೊಬ್ಬಳಿಗೆ ಫೋನಲ್ಲಿ ಹೇಳಿದ್ದು. ಇವತ್ತು ಅಂಗಡೀಲಿ ಹಾನುಸ್ ಬಂದು, ನಿನ್ನ ಗಂಡನ ಬಲಗೈ ವಾಸಿಯಾಯ್ತಾ ಅಂತಾನೆ. ಪಕ್ಕದಲ್ಲೇ ನಮ್ಮತ್ತೆ ಮೊಟ್ಟೆ ಹಿಡ್ಕೊಂಡು ನಿಂತಿದ್ಳು. ಈಗ ಮೊಟ್ಟೇನೂ ಇಲ್ಲ, ಮನೇಲಿ ನೆಮ್ಮದೀನೂ ಇಲ್ಲ."

"ಬಲಗೈ ಅಂತ ಅವರಿಗೆ..."

"ಅದೇ ನೋಡು! ನಿಮ್ಮ ದರಿದ್ರ ಲೈನಲ್ಲಿ ನನಗೇ ಅರ್ಧ ಕೇಳಿಸಿರಲಿಲ್ಲ. ಎಡವೋ ಬಲವೋ ಅಂತ ಎರಡು ದಿನ ಒದ್ದಾಡಿದೀನಿ. ಬಲ ಅಂತ ಗೊತ್ತಾಗಿದ್ದೇ ಹಾನುಸ್ ಹೇಳಿದ ಮೇಲೆ!"

ಫೋನ್ ಇಟ್ಟು ತಿರುಗಿದೆ. ಮರ್ಯುನ್ ಬಾಗಿಲಿಗೆ ಒರಗಿ ನಿಂತಿದ್ದಳು. ಎಲ್ಸ್ಪಾಳ ದನಿಗೆ ಫೋನೇ ಬೇಕಿರಲಿಲ್ಲ.

"ಹೆಂಡತಿಗೆ ಕೇಳಿಸದೆ ಇದ್ದದ್ದು ಹಾನುಸ್‌ಗೆ ಕೇಳಿಸಿದೆ," ಎಂದಳು ಮರ್ಯುನ್ ಮೆಲ್ಲಗೆ. ಆಮೇಲೆ ಸರ್ವರ್ ಕೋಣೆಯತ್ತ ಕೂಗಿದಳು, "ಸಾಮಲ್! ಡಿಶ್ ಕಡೆಯ ಕಾರ್ಡಿಗೆ ಒಂದು ಹೆಚ್ಚಿನ ಡ್ರೈವರ್ ಅಂಟ್ಕೊಂಡಿದೆ. ಅದು ಏನು ಅಂತ ಮೊದಲ ದಿನವೇ ಕೇಳಿದ್ದೆ. ಏನಂದೆ?"

ಸಾಮಲ್ ಹೊರಗೆ ತಲೆ ಹಾಕಿದ. ನಿದ್ದೆಗೆಟ್ಟ ಮುಖ. "ಅದು ಹಾನುಸಜ್ಜಂದು. ಡಿಶ್ ಸರಿಯಾಗಿ ಕೆಲಸ ಮಾಡ್ತಿದೆಯಾ ಅಂತ ನೋಡೋಕೆ. ಡಿಶ್ ಜೊತೆಗೇ ಬಂದದ್ದು."

"ಮತ್ತೆ ಕೇಳಿದೆ. ಏನಂದೆ?"

"ಅದು ಹಾನುಸಜ್ಜಂದು ಅಂದೆ."

"ನಾನೂ ಸರಿ ಅಂತ ಬಿಟ್ಟೆ." ಮರ್ಯುನ್ ಹಣೆ ಒತ್ತಿಕೊಂಡಳು. "ಹಾನುಸ್‌ದು ಅಂದ್ರೆ ಈ ದ್ವೀಪದಲ್ಲಿ ಕುರಿ ಕೂಡ ಅದನ್ನ ಮೂಸಲ್ಲ. ನಾನೂ ಹಾಗೇ ಮಾಡಿದೆನಲ್ಲ."

"ತೆಗೆದುಹಾಕ್ಲಾ?" ಸಾಮಲ್ ಕೀಲಿಮಣೆಗೆ ಕೈ ಹಾಕಿದ.

"ಬೇಡ. ತೆಗೆದ್ರೆ ಲೈನ್ ಸರಿಹೋಗುತ್ತೆ, ಅಷ್ಟೇ. ಯಾರು ಯಾವಾಗ ಆ ಡ್ರೈವರನ್ನ ಎಬ್ಬಿಸ್ತಾರೆ ಅಂತ ಗೊತ್ತಾಗಬೇಕು. ಬಿರಿತಾ, ಹೊಸದಾಗಿ ಕಾಫಿ ಮಾಡು. ಕೇಕ್ ಉಳಿದಿದೆಯಾ?"

"ಒಂದು ತುಂಡಿದೆ. ಅಮ್ಮ ಮಾಡಿದ್ದು."

"ತಗೊಂಡು ಮೇಲಕ್ಕೆ ಹಾನುಸ್ ಹತ್ರ ಹೋಗು. ಅವನು ಕುಡಿದು ಮುಗಿಸೋವರೆಗೂ ಎದುರಿಗೇ ಕೂತಿರು. ಆ ಹೊತ್ತಿನಲ್ಲಿ ಇಲ್ಲಿ ಎಂಟೂ ಬಾಗಿಲು ತೆರೆದುಕೊಂಡ್ರೆ, ನಾನು ಈ ಬಿಸಿನೀರಿನ ಪೈಪಿಗೆ ಒಂದೇಟು ಹೊಡೀತೀನಿ."

ಹಾನುಸಜ್ಜನ ಕೋಣೆ ಡಿಶ್‌ನ ನೇರ ಕೆಳಗೆ. ಮೊದಲು ಅವರು ಹಡಗುಗಳ ಜೊತೆ ಮಾತಾಡುವ ಕರಾವಳಿ ರೇಡಿಯೋ ಕೇಂದ್ರದಲ್ಲಿದ್ದವರು. ದ್ವೀಪದ ಪ್ರತಿಯೊಂದು ಹಡಗನ್ನೂ ದನಿಯಿಂದಲೇ ಗುರುತಿಸುತ್ತಿದ್ದರಂತೆ. ರೇಡಿಯೋ ಮುಚ್ಚಿದ ಮೇಲೆ ಡಿಶ್ ನೋಡಿಕೊಳ್ಳಲು ಇಲ್ಲಿಗೆ ಬಂದರು. ಬಾಗಿಲು ತಟ್ಟಿ ಒಳಗೆ ಹೋದೆ. ಕಂಪ್ಯೂಟರಿನ ಮುಂದೆ ಬೆನ್ನು ಬಾಗಿಸಿ ಕೂತಿದ್ದರು. ಉಣ್ಣೆ ಟೋಪಿ ಕಿವಿ ಮುಚ್ಚಿತ್ತು. ಟೋಪಿಯ ಅಂಚಿನಿಂದ ಒಂದು ಕಪ್ಪು ತಂತಿ ಇಳಿದಿತ್ತು.

"ಹಾನುಸಜ್ಜ, ಕಾಫಿ."

"ಅಲ್ಲಿಟ್ಟು ಹೋಗು ಮಗಳೇ."

"ಆರಿಹೋಗುತ್ತೆ."

"ಆರಲಿ ಬಿಡು. ನಾನೇ ಆರಿಹೋಗಿದೀನಿ, ಅದಕ್ಕೇನು."

ನಾನು ಕುರ್ಚಿ ಎಳೆದು ಎದುರಿಗೆ ಕೂತೆ. ಮಡಿಲಲ್ಲಿ ಕೈಯಿಟ್ಟುಕೊಂಡೆ. "ಅಮ್ಮ ಮಾಡಿದ ಕೇಕು. ರೂಬಾರ್ಬ್ ದಂಟಿನ ಜಾಮ್ ಹಾಕಿದೆ. ಹೇಗಿದೆ ಅಂತ ಕೇಳ್ಕೊಂಡು ಬಾ ಅಂದಿದಾರೆ."

ಸುಳ್ಳು ಹೇಳುವಾಗ ನನ್ನ ಕಿವಿ ಕೆಂಪಾಗುತ್ತದೆ. ಅವರು ನನ್ನ ಕಿವಿ ನೋಡಲಿಲ್ಲ, ಕೇಕ್ ನೋಡಿದರು. ಎದುರಿಗೆ ಕೂತವರ ಮನೆಯ ಕೇಕನ್ನು ಒಲ್ಲೆ ಎನ್ನುವ ಗಂಡಸು ನಮ್ಮ ವಾಗುರ್‌ನಲ್ಲಿ ಇನ್ನೂ ಹುಟ್ಟಿಲ್ಲ. ನಿಟ್ಟುಸಿರು ಬಿಟ್ಟು ಟೋಪಿ ತೆಗೆದರು. ಕಿವಿಗಳ ಮೇಲಿದ್ದ ಹೆಡ್‌ಫೋನನ್ನೂ ತೆಗೆದು ಮೇಜಿನ ಮೇಲಿಟ್ಟರು. ಒಂದು ಕೀಲಿ ಒತ್ತಿದರು. ಕಪ್ಪು ಎತ್ತಿದರು.

ಎರಡನೇ ಗುಟುಕು ಇಳಿಯುವಷ್ಟರಲ್ಲಿ ಗೋಡೆಯ ಪೈಪು 'ಟಣ್' ಎಂದಿತು.

ಅಜ್ಜ ತಲೆಯೆತ್ತಿದರು. "ಏನದು?"

"ಇಲಿ ಇರ್ಬೇಕು."

"ಇಲಿ ಕೈಗೆ ಸುತ್ತಿಗೆ ಕೊಟ್ಟೋರು ಯಾರು?" ಎಂದರು. ನಕ್ಕರು. ಆಮೇಲೆ ನನ್ನ ಮುಖ ನೋಡಿದರು. ನಗು ನಿಂತಿತು.

ಮೆಟ್ಟಿಲಲ್ಲಿ ಹೆಜ್ಜೆ ಸದ್ದಾಯಿತು. ಮರ್ಯುನ್ ಮುಂದೆ, ಸಾಮಲ್ ಹಿಂದೆ.

"ಕಾಫಿ ಹೇಗಿತ್ತು, ಹಾನುಸ್?"

"ಬಿಸಿಯಾಗಿತ್ತು."

"ತುಂಬಾ ದಿನ ಆಗಿತ್ತೇನೋ, ಬಿಸಿ ಕುಡಿದು."

ಹಾನುಸಜ್ಜ ಕಪ್ಪನ್ನು ಕೆಳಗಿಟ್ಟರು. "ಸುತ್ತಿ ಬಳಸಬೇಡ, ಹುಡುಗಿ. ಹೌದು, ಕೇಳ್ತಿದ್ದೆ. ಕಳ್ಳ ಅಂತೀಯಾ? ನಿನ್ನ ಅಜ್ಜಿ ಎಲ್ಲಿಯವಳು?"

"ಸಾಂದ್ವಿಕ್."

"ಅವಳ ಅಡುಗೆಮನೇಲಿ ರೇಡಿಯೋ ಇರಲಿಲ್ವಾ? ಆಲೂಗಡ್ಡೆ ಸಿಪ್ಪೆ ತೆಗೀತಾ ಹಡಗಿನೋರ ಮಾತು ಕೇಳ್ತಿರಲಿಲ್ವಾ? ಇಡೀ ದ್ವೀಪ ಕೇಳ್ತಿತ್ತು. ಗಂಡ ಹೆಂಡತಿಗೆ ಮುತ್ತು ಕೊಟ್ರೆ ಮೂವತ್ತು ಅಡುಗೆಮನೇಲಿ ನಗು. ಯಾವನ ಬಲೆ ಹರೀತು, ಯಾವನಿಗೆ ಜ್ವರ, ಎಲ್ಲ ಗೊತ್ತಾಗ್ತಿತ್ತು. ಅವಳನ್ನ ಯಾರಾದ್ರೂ ಕಳ್ಳಿ ಅಂದ್ರಾ?"

"ಇಲ್ಲ."

"ಮತ್ತೆ?"

"ಆಗ ಗಾಳೀಲಿ ಬರ್ತಿತ್ತು, ಹಾನುಸ್. ನೂರು ಜನ ಕೇಳಿದ್ರೂ ನೂರೊಂದನೇ ಮನೆಗೆ ಒಂದು ಅಕ್ಷರ ಕಡಿಮೆ ಆಗ್ತಿರಲಿಲ್ಲ." ಮರ್ಯುನ್ ಅವರ ಪಕ್ಕದಲ್ಲಿ ಮಂಡಿಯೂರಿ ಕೂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಇದು ಹಾಗಲ್ಲ. ನೀನು ಕೀಲಿ ಒತ್ತಿದ ಕೂಡಲೇ ಆ ಡ್ರೈವರ್ ಎದ್ದು ಬಂದು ಎಲ್ಲರನ್ನೂ ಒಂದೇ ಬಾಗಿಲಲ್ಲಿ ಸಾಲು ನಿಲ್ಲಿಸುತ್ತೆ. ಬಂದ ಪ್ರತಿ ತುಣುಕಿಗೂ ಮೊದಲು ನಿನಗೊಂದು ಪ್ರತಿ, ಆಮೇಲೆ ಮನೆಯೋರಿಗೆ. ಮಾತು ಅಷ್ಟು ತಡವಾದ್ರೆ ಬಂದ ಲೆಕ್ಕ ಅಲ್ಲ. ಸರ್ವರ್ ಅದನ್ನ ಎಸೆದುಬಿಡುತ್ತೆ."

"ನನಗೆ ಸ್ಪಷ್ಟವಾಗೇ ಕೇಳಿಸ್ತಿತ್ತಲ್ಲ."

"ನಿನಗೆ ಸ್ಪಷ್ಟ. ನಿನ್ನ ಹಿಂದಿರೋರಿಗೆ ಹರಕು."

ಹಾನುಸಜ್ಜನ ಬಾಯಿ ತೆರೆದುಕೊಂಡೇ ಇತ್ತು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಾನು ಮುಖಗಳನ್ನು ನೋಡಿಯೇ ಬೆಳೆದವಳು, ಅಷ್ಟು ಹೇಳಬಲ್ಲೆ.

"ನನ್ನ ಕೆಲಸ ಹೋಗೋದ್ರಲ್ಲಿತ್ತು, ಅಜ್ಜ!" ಸಾಮಲ್‌ನ ದನಿ ಒಡೆಯಿತು. "ನಮ್ಮಮ್ಮ ಕೂಡ ಹಡಗಿಗೆ ಫೋನ್ ಮಾಡಿ ನನ್ನನ್ನೇ ಬೈದ್ಳು. ನೀವು ಇಲ್ಲಿ ಕೂತು ಅದನ್ನೂ ಕೇಳಿಸ್ಕೊಂಡ್ರಾ?"

"ನಿನ್ನ ಹೊಸ ಡ್ರೈವರ್‌ದೇ ತಪ್ಪು ಅಂತ ನಾನೂ ನಂಬಿದ್ದೆ, ಮಗಾ." ಅಜ್ಜ ಮೂಲೆಯಲ್ಲಿದ್ದ ಹಳೆಯ ರೇಡಿಯೋ ಕಡೆ ಕೈ ತೋರಿಸಿದರು. "ಹಳೇ ಬ್ಯಾಂಡಲ್ಲಿ ಇನ್ನೂ ಎರಡು ದೋಣಿ ಮಾತಾಡ್ತಿದ್ವು. ಹೋದ ತಿಂಗಳು ಅವೂ ನಿಲ್ಲಿಸಿದ್ವು. ಹಾಕಿದ್ರೆ ಬರೀ ಶ್ಶ್ ಅನ್ನುತ್ತೆ. ನನಗೆ ಹಡಗಲ್ಲಿ ಯಾರೂ ಇಲ್ಲ, ಮನೇಲೂ ಯಾರೂ ಇಲ್ಲ. ಊಟ ಮಾಡಿದ್ಯಾ ಅಂತ ಯಾರೋ ಯಾರನ್ನೋ ಕೇಳೋದು ಕಿವಿಗೆ ಬಿದ್ರೆ ಸಾಕಾಗಿತ್ತು."

ನಾನು ಕುರ್ಚಿಯಿಂದ ಎದ್ದೆ.

"ನನ್ನದೂ ಕೇಳಿದ್ರಾ?" ಎಂದೆ.

ಅವರು ನನ್ನನ್ನು ನೋಡಲಿಲ್ಲ. ಕೇಕಿನ ತಟ್ಟೆಯನ್ನು ಸ್ವಲ್ಪ ಆಚೆ ಸರಿಸಿದರು.

"ಒಳ್ಳೇ ಮಾತು ಹೇಳಿದೆ ಮಗಳೇ. ಅವತ್ತು ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ."

ಮುಖ ಎಲ್ಲಿಡಲಿ ಎಂದು ತಿಳಿಯಲಿಲ್ಲ. ಒಬ್ಬನಿಗಾಗಿ ಎರಡು ವರ್ಷ ಎದೆಯಲ್ಲಿಟ್ಟುಕೊಂಡಿದ್ದ ಮಾತು. ಅದು ಹೋಗಿ ಸೇರಿದ್ದು ಈ ಉಣ್ಣೆ ಟೋಪಿಯೊಳಕ್ಕೆ. ಯಾರಿಗಾಗಿ ಹೇಳಿದೆನೋ ಅವನಿಗೆ ಸಿಕ್ಕಿದ್ದು ನನ್ನ ಮೌನ. ಸುಮ್ಮನಿದ್ದರೆ ಅರ್ಥವಾಗುತ್ತದೆ ಎಂದಿದ್ದನಲ್ಲ.

"ಒಂದು ನಿಮಿಷ," ಎಂದಳು ಮರ್ಯುನ್.

ಅವಳು ಎದ್ದು ನಿಂತಿದ್ದಳು. ಬೇರೆಲ್ಲೋ ನೋಡುತ್ತಿದ್ದಳು. "ಬಿರಿತಾ, ನಿನಗೆ ಬಂದ ದೂರೆಲ್ಲ ಯಾರದು? ಮನೆಯೋರದಾ, ಹಡಗಿನೋರದಾ?"

"ಮನೆಯೋರದು. ಹಡಗಿನಿಂದ ಒಂದೂ ಬಂದಿಲ್ಲ."

"ಹಡಗಿನೋರು ದೂರೋ ಜನ ಅಲ್ಲ ಅಂತ ನಾನು ಬಿಟ್ಟುಬಿಟ್ಟೆ. ಥೂ, ನನ್ನ ಬುದ್ಧಿಗೆ." ಅವಳು ನನ್ನ ಎರಡೂ ಭುಜ ಹಿಡಿದಳು. "ಆ ಡ್ರೈವರ್ ಅಂಟಿರೋದು ಡಿಶ್ ಕಡೆಯ ಕಾರ್ಡಿಗೆ ಮಾತ್ರ. ಹಡಗಿನಿಂದ ಬರೋ ಮಾತಿಗೆ ಮಾತ್ರ ಆ ಸಾಲು. ಮನೆಯಿಂದ ಹೋಗೋ ಮಾತು ಇನ್ನೊಂದು ಕಾರ್ಡಿಗೆ ಬಂದು ಎಂಟೂ ಬಾಗಿಲಲ್ಲಿ ಒಳಗೆ ಹೋಗಿ, ಸೀದಾ ಡಿಶ್ ಹತ್ತಿ ಹೊರಟುಹೋಗುತ್ತೆ. ಆ ಕಡೆ ಹೋಗೋದನ್ನ ಹಾನುಸ್ ಕೇಳ್ತಾನೆ, ಆದ್ರೆ ಅದಕ್ಕೆ ಕಾಯೋ ಸಾಲಿಲ್ಲ. ಅರ್ಥ ಆಯ್ತಾ?"

ಅರ್ಥವಾಗಿತ್ತು. ಬೇಡವೆಂದರೂ ಆಗಿತ್ತು.

"ಅವನಿಗೆ ಕೇಳಿಸಿದೆ, ಬಿರಿತಾ. ಒಂದಕ್ಷರ ಬಿಡದೆ. ಕೇಳಿಸದೆ ಇದ್ದದ್ದು ನಿನಗೆ."

ಹಾಗಾದರೆ ಇಷ್ಟು ದಿನ ಅವನು ಉತ್ತರಕ್ಕೆ ಕಾಯುತ್ತಿರಲಿಲ್ಲ. ಉತ್ತರ ಕೊಟ್ಟಾಗಿತ್ತು. ಆ ಚೂರು ಚೂರು ಸದ್ದಿನೊಳಗೆ ಅವನ ಮಾತಿತ್ತು. ಅದನ್ನು ಇಡಿಯಾಗಿ ಕೇಳಿದವರು ಭೂಮಿಯ ಮೇಲೆ ಒಬ್ಬರೇ.

ನಾನು ಹಾನುಸಜ್ಜನ ಮುಂದೆ ನಿಂತೆ. "ಏನಂದ?"

"ಇಟ್ಕೊಂಡಿಲ್ಲ ಮಗಳೇ. ಕೇಳಿದ್ದನ್ನ ಅವತ್ತವತ್ತೇ ಅಳಿಸ್ತಿದ್ದೆ."

"ಕಂಪ್ಯೂಟರ್ ಅಳಿಸಿದೆ. ನಿಮಗೆ ನೆನಪಿದೆ. ಬಲಗೈ ಅಂತ ನೆನಪಿಟ್ಕೊಂಡೋರು ನೀವು."

ಅವರು ಕಪ್ಪು ಎತ್ತಿಕೊಂಡರು, ಕುಡಿಯಲಿಲ್ಲ. ಮತ್ತೆ ಕೆಳಗಿಟ್ಟರು.

"ಅದು ನನಗೆ ಹೇಳಿದ್ದಲ್ಲ. ಕೇಳಿದ್ದೇ ತಪ್ಪು ಅಂತ ಇವಳು ಈಗಷ್ಟೇ ಹೇಳಿದ್ಳು. ಇನ್ನು ನನ್ನ ಬಾಯಲ್ಲಿ ಅದನ್ನ ಬರಿಸಬೇಡ." ಕಿಟಕಿಯತ್ತ ಮುಖ ತಿರುಗಿಸಿದರು. "ಅವನು ಮತ್ತೆ ಪಾಳಿಗೆ ಹೋಗೋಕೆ ಇನ್ನೂ ಹೊತ್ತಿದೆ. ಹೋಗು. ಅವನನ್ನೇ ಕೇಳು."

ಒಳ್ಳೆಯ ಮಾತಾಗಿದ್ದರೆ ಅವರು ಕಿಟಕಿ ನೋಡುತ್ತಿದ್ದರೇ? ಅಥವಾ ಒಳ್ಳೆಯದಾಗಿದ್ದರಿಂದಲೇ ನೋಡಿದರೇ? ಮೆಟ್ಟಿಲಿಳಿಯುವಾಗ ಅದೊಂದನ್ನೇ ಹಿಂದೆ ಮುಂದೆ ತಿರುವುತ್ತಿದ್ದೆ.

ಕೆಳಗೆ ಮರ್ಯುನ್ ಆ ಹೆಚ್ಚಿನ ಡ್ರೈವರನ್ನು ಕಾರ್ಡಿನಿಂದ ಬಿಡಿಸಿದಳು. ಪರದೆಯ ಮೇಲೆ ಎಂಟು ಗೆರೆಗಳೂ ಒಂದೇ ಎತ್ತರದಲ್ಲಿ ಸಣ್ಣಗೆ ಉಸಿರಾಡತೊಡಗಿದವು. ಸಾಮಲ್ ಕುರ್ಚಿಯಲ್ಲಿ ಕುಸಿದು, ಎರಡೂ ಕೈಯಿಂದ ಮುಖ ಉಜ್ಜಿಕೊಂಡ.

"ಫೋನ್ ಮಾಡು," ಎಂದಳು ಮರ್ಯುನ್.

ಲೋಮ್ವಿಗಿಯ ಊಟದ ಮನೆಯ ನಂಬರ್ ಒತ್ತಿದೆ. ರಿಂಗಾಯಿತು. ಮತ್ತೆ ಆಯಿತು. ಯಾರೋ ಎತ್ತಿದರು.

ಹಡಗನ್ನು ಅಷ್ಟು ಸ್ಪಷ್ಟವಾಗಿ ನಾನು ಎಂದೂ ಕೇಳಿರಲಿಲ್ಲ. ತಳದಲ್ಲಿ ಎಂಜಿನ್ನಿನ ಗುನುಗು. ಅಲೆಗೆ ಮೇಜಿನ ಮೇಲೆ ತಟ್ಟೆ ಜಾರಿ ನಿಂತ ಸದ್ದು. ದೂರದಲ್ಲಿ ಇಬ್ಬರು ನಗುತ್ತಿದ್ದರು. ಹತ್ತಿರದಲ್ಲಿ, ಫೋನಿಗೆ ತೀರ ಹತ್ತಿರದಲ್ಲಿ, ಒಂದು ಉಸಿರು. ಒಳಗೆಳೆದಾಗ ಸಣ್ಣ ಸೀಟಿ.

"ರೆಗಿನ್? ನಾನು, ಬಿರಿತಾ."

ಸೀಟಿ ಒಂದು ಕ್ಷಣ ನಿಂತು ಮತ್ತೆ ಬಂತು.

ಮರ್ಯುನ್ ಪರದೆ ನೋಡಿ ನನ್ನ ಕಡೆ ತಲೆಯಾಡಿಸಿದಳು. ಒಂದು ತುಣುಕೂ ಕಳೆಯುತ್ತಿಲ್ಲ. ಒಂದೂ ತಡವಾಗುತ್ತಿಲ್ಲ. ಆ ಕಡೆ ಏನಿದೆಯೋ ಅದೆಲ್ಲವೂ ನನಗೆ ಬರುತ್ತಿದೆ.

ನಾನು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಅವತ್ತು ನೀನು ಹೇಳಿದ್ದು ನನಗೆ ಕೇಳಿಸಲಿಲ್ಲ, ರೆಗಿನ್. ಈಗ ಲೈನ್ ಸರಿಯಾಗಿದೆ. ಇನ್ನೊಂದು ಸಲ ಹೇಳು."

ತಟ್ಟೆ ಮತ್ತೊಮ್ಮೆ ಜಾರಿತು. ನಾನು ಫೋನನ್ನು ಇನ್ನಷ್ಟು ಕಿವಿಗೊತ್ತಿ ಮತ್ತೆ ಕೇಳಿದೆ.

"ಇನ್ನೊಂದು ಸಲ ಹೇಳು."